ಹಂಫ್ರಿ ಲಿಟಲ್ಟನ್: ಓದುವ ಮೊದಲು ಕೇಳಿ

ಬ್ರಿಟನ್ನಿನ ಜಾಝ್ ಟ್ರಂಪೆಟ್ ವಾದಕ ಹಂಫ್ರಿ ಲಿಟಲ್ಟನ್ ಬಗ್ಗೆ ತಿಳಿಯಲು ನಾನು ಮೊದಲು ಹಿಡಿದದ್ದು ಇಸವಿಗಳ ಪಟ್ಟಿ. 1921ರಲ್ಲಿ ಈಟನ್‌ನಲ್ಲಿ ಹುಟ್ಟು, 2008ರಲ್ಲಿ ಸಾವು, ನಡುವೆ ಟ್ರಂಪೆಟ್, ಬಿಬಿಸಿ, ಪುಸ್ತಕ, ವ್ಯಂಗ್ಯಚಿತ್ರ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಈಗ ಯಾರು ಕೇಳಿದರೂ, ಮೊದಲು ಕಿವಿಯಿಂದ ಶುರು ಮಾಡಿ ಅನ್ನುತ್ತೇನೆ.

ಹೆಡ್‌ಫೋನ್ ಹಾಕಿಕೊಂಡು ಅವರ ಬ್ಯಾಂಡಿನ 1956ರ ರೆಕಾರ್ಡ್ 'ಬ್ಯಾಡ್ ಪೆನ್ನಿ ಬ್ಲೂಸ್' ಮೂರು ಸಲ ಕೇಳಿ. ಮೊದಲ ಸಲ ಜಾನಿ ಪಾರ್ಕರ್ ಪಿಯಾನೊದ ಎಡಗೈ ಮಾತ್ರ ಹಿಡಿಯಿರಿ. ಎಷ್ಟು ದಪ್ಪ ಸದ್ದು, ಅಲ್ವಾ? ಎರಡನೇ ಸಲ ಡ್ರಮ್ ಮೇಲೆ ಉಜ್ಜುವ ಬ್ರಷ್. ಇವೆರಡನ್ನೂ ಹೀಗೆ ಮುಂದೆ ತಂದು ನಿಲ್ಲಿಸಿದ್ದು ಸೌಂಡ್ ಎಂಜಿನಿಯರ್ ಜೋ ಮೀಕ್. ನುಡಿಸಿ ಮುಗಿಸಿದ ಲಿಟಲ್ಟನ್ ಆಗ ರಜೆಗೆ ಹೋಗಿದ್ದರು. ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಎಂದು ಅವರೇ ಆಮೇಲೆ ಹೇಳಿದರು. ರೆಕಾರ್ಡ್ ಬ್ರಿಟನ್ನಿನ ಟಾಪ್ 20ರೊಳಗೆ ಬಂತು! ಮೂರನೇ ಸಲ ಟ್ರಂಪೆಟ್ ಕೇಳಿ. ಎರಡು ಸ್ವರಗಳ ನಡುವೆ ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಅಂತ ಗಮನಿಸಿ.

ಈಗ ಹಿಂದಕ್ಕೆ ಹೋಗಿ. 1936ರಲ್ಲಿ ಲಾರ್ಡ್ಸ್‌ನಲ್ಲಿ ಈಟನ್ ಮತ್ತು ಹ್ಯಾರೊ ಶಾಲೆಗಳ ನಡುವೆ ಕ್ರಿಕೆಟ್ ನಡೆಯುತ್ತಿದ್ದಾಗ ಹುಡುಗ ಹಂಫ್ರಿ ಮೆಲ್ಲಗೆ ಜಾರಿಕೊಂಡು, ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆಯಲ್ಲಿ ತನ್ನ ಮೊದಲ ಟ್ರಂಪೆಟ್ ಕೊಂಡ. 1945ರ ಮೇ 8ರಂದು, ಯುರೋಪಿನಲ್ಲಿ ಯುದ್ಧ ಮುಗಿದ ದಿನ, ಕೈಗಾಡಿಯಲ್ಲಿ ಕೂತು ಬಕಿಂಗ್‌ಹ್ಯಾಮ್ ಅರಮನೆ ಎದುರು ನುಡಿಸಿದ. ಬಿಬಿಸಿಯ ಅಂದಿನ ಧ್ವನಿಮುದ್ರಣದಲ್ಲಿ ಜನರ ಗದ್ದಲದ ನಡುವೆ ಆ ಟ್ರಂಪೆಟ್ ಸಿಗುತ್ತದೆ. ಹುಡುಕಿ ಕೇಳಿ.

ಆಮೇಲೆ 1953ಕ್ಕೆ ಬನ್ನಿ. ಈ ಹೆಜ್ಜೆ ಬಿಡಲೇಬೇಡಿ. ಹಳೇ ನ್ಯೂ ಆರ್ಲಿಯನ್ಸ್ ಜಾಝ್ ಶೈಲಿಯ ತಮ್ಮ ಬ್ಯಾಂಡಿಗೆ ಅವರು ಬ್ರೂಸ್ ಟರ್ನರ್‌ನ ಆಲ್ಟೊ ಸ್ಯಾಕ್ಸೊಫೋನ್ ಸೇರಿಸಿಕೊಂಡರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಭಿಮಾನಿಗಳೇ 'ಕೊಳಕು ಬಾಪರ್, ಮನೆಗೆ ಹೋಗು' ಅಂತ ಬ್ಯಾನರ್ ಹಿಡಿದರು. ಬಾಪರ್ ಅಂದರೆ 'ಬಾಪ್' ಎಂಬ ಹೊಸ ಬಗೆಯ ಜಾಝ್ ನುಡಿಸುವವ. ಲಿಟಲ್ಟನ್ ಟರ್ನರ್‌ನನ್ನು ಕೈಬಿಡಲಿಲ್ಲ. ಅದಕ್ಕೂ ಮುಂಚಿನ ಒಂದು ರೆಕಾರ್ಡ್, ನಂತರದ್ದೊಂದು, ಒಂದರ ಹಿಂದೆ ಒಂದು ಹಾಕಿ. ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಜಾಝ್ ಬಗ್ಗೆ ಅವರು ಬರೆದ ವಿಮರ್ಶೆ ತೆರೆಯಿರಿ. 1967ರಿಂದ 2008ರವರೆಗೆ ಬಿಬಿಸಿ ರೇಡಿಯೊದಲ್ಲಿ ಜಾಝ್ ಕೇಳಿಸಿದವರು ಅವರು. ಹಳೆಯದು, ಹೊಸದು ಎರಡಕ್ಕೂ ಜಾಗ ಕೊಟ್ಟರು. ಆ ಬ್ಯಾನರ್ ನೆನಪಿದ್ದರೆ ಇದು ಸುಮ್ನೆ ಬಂದ ಉದಾರತೆ ಅಲ್ಲ ಅಂತ ತಿಳಿಯುತ್ತದೆ.

ಕೊನೆಗೆ 2001ರಲ್ಲಿ ಬಂದ, ರೇಡಿಯೊಹೆಡ್ ಎಂಬ ರಾಕ್ ಬ್ಯಾಂಡಿನ 'ಲೈಫ್ ಇನ್ ಎ ಗ್ಲಾಸ್‌ಹೌಸ್' ಹಾಕಿ. ಎಂಬತ್ತರ ಹೊಸ್ತಿಲಲ್ಲಿದ್ದ ಲಿಟಲ್ಟನ್, ತಮ್ಮ ಬ್ಯಾಂಡಿನವರನ್ನು ಕರೆದುಕೊಂಡು ಹೋಗಿ ಮೊಮ್ಮಕ್ಕಳ ವಯಸ್ಸಿನವರ ಹಾಡಿಗೆ ನುಡಿಸಿದ್ದಾರೆ. ಹಾಡಿನ ಮಾತು ಬಿಡಿ. ಟ್ರಂಪೆಟ್ ಹಿಂದೆಯೇ ಹೋಗಿ.