ಎಳೆದಾಡಿದರೆ ಬೆಳೆಯಲ್ಲ: ಗಂಡಸರ ವ್ಯಾಯಾಮ ಮಾಡುವ ಸರಿಯಾದ ಕ್ರಮ

ಮೆಜೆಸ್ಟಿಕ್ ಸುತ್ತಮುತ್ತ ಗೋಡೆ ಮೇಲೆ ‘ಗುಪ್ತ ಸಮಸ್ಯೆಗೆ ಪರಿಹಾರ’ ಅಂತ ಅಂಟಿಸಿದ ಚೀಟಿಗಳನ್ನು ನೀವೂ ನೋಡಿರುತ್ತೀರಿ. ಈಗ ಆ ಚೀಟಿ ಮೊಬೈಲ್‌ಗೆ ಬಂದಿದೆ, ಅಷ್ಟೇ. ಎಳೆಯಿರಿ, ಹಿಂಡಿರಿ, ತೂಕ ಕಟ್ಟಿ, ಕೆಲವೇ ತಿಂಗಳಲ್ಲಿ ಶಿಶ್ನ ಉದ್ದ ಆಗುತ್ತೆ! ನಾನು ಬಸವನಗುಡಿಯಲ್ಲಿ ಫಿಸಿಯೋಥೆರಪಿಸ್ಟ್. ಬೆನ್ನುನೋವು ಅಂತ ಬಂದವರು ಹೊರಡುವ ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿ, ದನಿ ತಗ್ಗಿಸಿ ಇದನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಳಗೇನಿದೆ ನೋಡೋಣ. ಶಿಶ್ನದಲ್ಲಿ ತೋಳಿನಲ್ಲಿರುವಂಥ ಸ್ನಾಯು ಇಲ್ಲ. ಸ್ಪಂಜಿನಂಥ ಎರಡು ಕೊಳವೆಗಳಿವೆ, ಅವುಗಳ ಸುತ್ತ ಟ್ಯೂನಿಕಾ ಅನ್ನುವ ಗಟ್ಟಿ ಪೊರೆ. ಆಸೆ ಹುಟ್ಟಿದಾಗ ನರದ ತುದಿಗಳಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ. ಅದು ರಕ್ತನಾಳದ ಗೋಡೆಯನ್ನು ಸಡಿಲ ಮಾಡುತ್ತದೆ. ರಕ್ತ ನುಗ್ಗುತ್ತದೆ, ಕೊಳವೆ ಉಬ್ಬುತ್ತದೆ, ರಕ್ತ ವಾಪಸ್ ಒಯ್ಯುವ ಸಿರೆಗಳು ಪೊರೆಗೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತವೆ. ನಿಮಿರುವುದು ಅಂದರೆ ಇದೇ. ಎಲ್ಲ ಶುರುವಾಗುವುದು ಸಡಿಲದಿಂದ, ಗಮನಿಸಿದಿರಾ? ಈ ನೈಟ್ರಿಕ್ ಆಕ್ಸೈಡ್ ಕೆಲಸವನ್ನು ಪತ್ತೆ ಮಾಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ವಯಾಗ್ರಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ.

ಕೈಯಿಂದ ಹಿಂಡಿ ಎಳೆಯುವ ಪದ್ಧತಿಗೆ ಜೆಲ್ಕಿಂಗ್ ಅಂತಾರೆ. ಅದನ್ನು ಹೇಳಿಕೊಡುವವರ ವಾದ ಕೇಳೋಕೆ ಚೆನ್ನಾಗಿದೆ. ಜಿಮ್‌ನಲ್ಲಿ ಸ್ನಾಯು ಚೂರು ಹರಿದು, ವಾಸಿಯಾಗಿ ದಪ್ಪ ಆಗುತ್ತಲ್ವಾ, ಇದೂ ಹಾಗೇ ಅಂತ. ಆದರೆ ಟ್ಯೂನಿಕಾ ಸ್ನಾಯುವಲ್ಲ, ಕೊಲಾಜನ್ ನಾರು. ಅದಕ್ಕೆ ರಕ್ತ ಪೂರೈಕೆ ಕಮ್ಮಿ. ರಕ್ತ ಕಮ್ಮಿ ಇದ್ದ ಕಡೆ ಗಾಯ ನಿಧಾನಕ್ಕೆ ಮಾಯುತ್ತದೆ, ಮಾಯುವಾಗ ಕಲೆಗಟ್ಟುತ್ತದೆ. ಕಲೆಗಟ್ಟಿದ ಜಾಗ ಹಿಗ್ಗುವುದಿಲ್ಲ. ಸುತ್ತಲಿನದು ಹಿಗ್ಗಿ ಅದೊಂದು ಹಿಗ್ಗದಿದ್ದರೆ, ನಿಮಿರಿದಾಗ ಡೊಂಕು. ಪೆರೋನಿ ಕಾಯಿಲೆ ಅಂದರೆ ಇದು. ಆ ಡೊಂಕಿಗೆ ಡಾಕ್ಟರುಗಳು ಎಳೆಯುವ ಸಾಧನ ಕೊಡುವುದುಂಟು, ನಿಜ. ಅದು ಅಳೆದು, ಹದವಾಗಿ, ತಿಂಗಳುಗಟ್ಟಲೆ ನಿಗಾದಲ್ಲಿ ಮಾಡುವ ಚಿಕಿತ್ಸೆ. ಬಾತ್‌ರೂಮಿನಲ್ಲಿ ಎಣ್ಣೆ ಹಚ್ಚಿ ಮಾಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಾರತ್ತಹಳ್ಳಿ ಕಡೆ ಕೆಲಸ ಮಾಡುವ ಹುಡುಗನೊಬ್ಬ, “ಸಾರ್, ಕೆಂಪು ಚುಕ್ಕಿ ಬಂದ್ರೆ ಬೆಳೀತಿದೆ ಅಂತ ಅರ್ಥ ಅಂದಿದ್ರು ವಿಡಿಯೋದಲ್ಲಿ” ಅಂದ. “ಚರ್ಮದಡಿ ಸಣ್ಣ ನಾಳ ಒಡೆದಿದೆ ಕಣಪ್ಪಾ” ಅಂದೆ. ಮಾಡಿದ ತಕ್ಷಣ ದಪ್ಪ ಕಾಣಿಸುವುದು ಊತ. ಚುಕ್ಕಿ, ನೀಲಿ ಕಲೆ, ಜೋಮು, ನೋವು, ಯಾವುದು ಬಂದರೂ ಅವತ್ತೇ ನಿಲ್ಲಿಸಿ. ಚರ್ಮದಡಿಯ ನೀಲಿ ಸಾಮಾನ್ಯವಾಗಿ ಹಸಿರು, ಹಳದಿಗೆ ತಿರುಗಿ ಎರಡು ವಾರದಲ್ಲಿ ಹೋಗುತ್ತದೆ. ಪೂರ್ತಿ ಹೋಗುವವರೆಗೆ ಆ ಜಾಗಕ್ಕೆ ರಜೆ ಕೊಡಿ. ಗಂಟು ಸಿಕ್ಕರೆ, ಡೊಂಕು ಕಂಡರೆ ಯೂರಾಲಜಿಸ್ಟ್ ಹತ್ತಿರ ಹೋಗಿ.

ಹಾಗಾದರೆ ಮಾಡುವುದೇನು? ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ತಳದ ಸ್ನಾಯುಗಳ ವ್ಯಾಯಾಮ. ಕೀಗಲ್ ಅಂತ ಕೇಳಿರುತ್ತೀರಿ. ಹೆರಿಗೆಯಾದ ಹೆಂಗಸರಿಗಂತ ಡಾ. ಆರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಕಟಿಸಿದ್ದು. ಗಂಡಸರಿಗೂ ಕೆಲಸ ಮಾಡುತ್ತದೆ. ಬುಡದಲ್ಲಿರುವ ಸ್ನಾಯುಗಳು ನಿಜವಾದ ಸ್ನಾಯುಗಳು, ಪಳಗಿಸಬಹುದು. ಅವು ಬಿಗಿದಾಗ ಬುಡದಲ್ಲಿ ಒತ್ತಡ ಏರಿ ಗಟ್ಟಿತನ ಹೆಚ್ಚುತ್ತದೆ. ಉದ್ದ ಹೆಚ್ಚಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ. ಜನರ ಮಧ್ಯೆ ಕೂತಾಗ ಹೂಸು ತಡೆದುಕೊಳ್ಳುತ್ತೀರಲ್ಲ, ಹಾಗೆ ಒಳಗೆ ಎಳೆದುಕೊಳ್ಳಿ. ಜೊತೆಗೆ ಮೂತ್ರ ತಡೆಯುವ ಹಾಗೂ. ಸರಿಯಾಗಿ ಮಾಡಿದರೆ ಶಿಶ್ನದ ಬುಡ ಚೂರು ಒಳಸರಿಯುತ್ತದೆ, ವೃಷಣ ಮೇಲೇಳುತ್ತದೆ. ಕನ್ನಡಿಯಲ್ಲಿ ನೋಡಿಕೊಳ್ಳಿ. ಹೊಟ್ಟೆ ಕಲ್ಲಾದರೆ, ಕುಂಡಿ ಬಿಗಿದರೆ, ಉಸಿರು ನಿಂತರೆ ತಪ್ಪು ಸ್ನಾಯು ಹಿಡಿದಿದ್ದೀರಿ. ಐದು ಎಣಿಸುವವರೆಗೆ ಹಿಡಿದು, ಹತ್ತು ಎಣಿಸುವವರೆಗೆ ಪೂರ್ತಿ ಬಿಡಿ. ಹತ್ತು ಸಲ ಆದರೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು ಸಾಕು. ನಮ್ಮ ಜನ ಬಿಗಿಯುವುದರಲ್ಲಿ ಗಟ್ಟಿಗರು, ಬಿಡುವುದರಲ್ಲಿ ಕಂಜೂಸು. ಬಿಗಿದಿದ್ದಾಗ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯಲ್ಲ, ಬಿಟ್ಟಾಗಲೇ ಹರಿಯುವುದು. ಜಾಸ್ತಿ ಮಾಡಿ ಅಲ್ಲೇ ಸೆಳೆತ ಬರಿಸಿಕೊಂಡವರೂ ಇದ್ದಾರೆ. ಮೂತ್ರ ಮಾಡುವಾಗ ತಡೆದು ಅಭ್ಯಾಸ ಮಾಡುವುದು ಬೇಡ. ಫಲ ಕಾಣೋಕೆ ಮೂರರಿಂದ ಆರು ತಿಂಗಳು. ಇಂಗ್ಲೆಂಡಿನಲ್ಲಿ ಫಿಸಿಯೋಥೆರಪಿಸ್ಟ್ ಗ್ರೇಸ್ ಡೋರಿ ತಂಡ ನಿಮಿರುವ ಸಮಸ್ಯೆಯಿದ್ದ 55 ಗಂಡಸರ ಮೇಲೆ ನಡೆಸಿದ ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ಶೇ. 40ರಷ್ಟು ಜನ ಮೊದಲಿನಂತಾಗಿದ್ದರು.

ಉಳಿದದ್ದು ರಕ್ತನಾಳದ ಆರೈಕೆ. ವಾರಕ್ಕೆ ನಾಲ್ಕು ದಿನ, 40 ನಿಮಿಷ, ಏದುಸಿರು ಬರುವಷ್ಟು ಬಿರುಸಿನ ನಡಿಗೆ. ಲಾಲ್‌ಬಾಗ್‌ನಲ್ಲಿ ಬಂಡೆ ಹತ್ತಿ ಇಳಿದು, ಕೆರೆ ಸುತ್ತಿ ಬನ್ನಿ. ಆಮೇಲೆ ಹೋಟೆಲ್ ಮುಂದೆ ನಿಂತು ಎರಡು ವಡೆ ಮುಗಿಸಿದರೆ ಅದು ನಿಮ್ಮ ಇಷ್ಟ. ಸಿಗರೇಟು ಬಿಡಿ, ಅದು ನಾಳಗಳನ್ನು ಬಿಗಿಯುತ್ತದೆ. ನಿದ್ದೆ ಕದಿಯಬೇಡಿ. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲೇ ರಾತ್ರಿ ಮೂರರಿಂದ ಐದು ಸಲ ನಿಮಿರುತ್ತದೆ, ಆಗ ಆಮ್ಲಜನಕ ತುಂಬಿದ ರಕ್ತ ಆ ಅಂಗಾಂಶಕ್ಕೆ ಸಿಗುತ್ತದೆ. ಭಾನುವಾರ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರು ಮಧ್ಯೆ ಜೋಮು ಹಿಡಿದರೆ ಇಳಿದು ನಿಲ್ಲಿ, ಸೀಟು ಬದಲಿಸಿ. ತೊಡೆಸಂದಿಯ ನಾಳ, ನರ ಎರಡನ್ನೂ ಆ ಸೀಟು ಒತ್ತುತ್ತದೆ.

ಉದ್ದದ ಚಿಂತೆ ಇದ್ದವರಿಗೆ ಒಂದು ಅಂಕಿ: 15,521 ಗಂಡಸರ ಅಳತೆ ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ನಿಮಿರಿದಾಗಿನ ಸರಾಸರಿ 13.12 ಸೆಂಟಿಮೀಟರ್. ಮೊಬೈಲ್‌ನಲ್ಲಿ ನೋಡಿದ್ದನ್ನು ಸರಾಸರಿ ಅಂದುಕೊಳ್ಳಬೇಡಿ.

ನಲವತ್ತು ದಾಟಿದವರಿಗೆ ಗಟ್ಟಿತನ ಕಮ್ಮಿಯಾಗುತ್ತಾ ಬಂದರೆ ವ್ಯಾಯಾಮಕ್ಕೂ ಮೊದಲು ಶುಗರ್, ಬಿಪಿ, ಕೊಲೆಸ್ಟ್ರಾಲ್ ನೋಡಿಸಿ. ಅಲ್ಲಿನ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ಕಟ್ಟಿಕೊಳ್ಳೋಕೆ ಶುರುವಾದರೆ ಮೊದಲು ಗೊತ್ತಾಗುವುದು ಅಲ್ಲೇ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಮೆಡಿಕಲ್ ಶಾಪಿನಿಂದ ಸುಮ್ನೆ ವಯಾಗ್ರ ತಂದು ನುಂಗಬಾರದು, ಬಿಪಿ ಕುಸಿದು ಪ್ರಾಣಕ್ಕೇ ಕುತ್ತು.

ಎರಡು ವಿಷಯಕ್ಕೆ ಬೆಳಗಾಗಲಿ ಅಂತ ಕಾಯಬೇಡಿ. ನಾಲ್ಕು ಗಂಟೆ ಕಳೆದರೂ ನಿಮಿರಿದ್ದು ಇಳಿಯದಿದ್ದರೆ ಒಂದು. ನಿಮಿರಿದ್ದಾಗ ಟಕ್ ಅಂತ ಸದ್ದಾಗಿ, ತಕ್ಷಣ ಇಳಿದು, ಬದನೆಕಾಯಿ ಬಣ್ಣಕ್ಕೆ ಊದಿಕೊಂಡರೆ ಇನ್ನೊಂದು. ಎರಡು ಮಿಲಿಮೀಟರ್ ದಪ್ಪದ ಟ್ಯೂನಿಕಾ ಪೊರೆ ಆ ಹೊತ್ತಿನಲ್ಲಿ ಅರ್ಧ ಮಿಲಿಮೀಟರ್‌ಗಿಂತ ತೆಳ್ಳಗಾಗಿರುತ್ತದೆ, ಹರಿಯುವುದು ಅದಕ್ಕೇ. ಹೊಲಿಗೆ ಬೇಗ ಬಿದ್ದಷ್ಟೂ ಡೊಂಕಿನ ಭಯ ಕಮ್ಮಿ. ಆಟೋನೋ ಕ್ಯಾಬೋ ಹಿಡಿದು ಕ್ಯಾಶುಯಾಲ್ಟಿಗೆ ಹೋಗಿ. ಡ್ಯೂಟಿಯಲ್ಲಿ ಲೇಡಿ ಡಾಕ್ಟರ್ ಇದ್ದಾರೆ ಅಂತ ನಾಚಿಕೊಂಡು ವಾಪಸ್ ಬರಬೇಡಿ. ಅವರಿಗೆ ಅದು ಹೊಲಿಗೆ ಬೇಕಾದ ಇನ್ನೊಂದು ಗಾಯ, ಅಷ್ಟೇ.