ಇತಿಹಾಸದ ಕಾದಂಬರಿಯಲ್ಲಿ ಪ್ರೀತಿಯ ಕಥೆ: ಹುಡುಕುವುದು ಹೇಗೆ, ಆರಿಸುವುದು ಹೇಗೆ

ಪುಸ್ತಕದಂಗಡಿಗಳಲ್ಲಿ ಐತಿಹಾಸಿಕ ಕಾದಂಬರಿಗಳನ್ನು ಒಂದು ಕಡೆ, ಪ್ರೇಮ ಕಾದಂಬರಿಗಳನ್ನು ಇನ್ನೊಂದು ಕಡೆ ಜೋಡಿಸಿಟ್ಟಿರುತ್ತಾರೆ. ಎರಡೂ ಬೆರೆತ ಕಥೆ ಬೇಕೆನ್ನುವವರಿಗೆ ಪ್ರತ್ಯೇಕ ಸಾಲು ಇರುವುದು ಅಪರೂಪ. ಇಂಗ್ಲಿಷಿನಲ್ಲಿ ಹೀಗಲ್ಲ. ಜಾರ್ಜೆಟ್ ಹೇಯರ್ ಅವರು 1930ರ ದಶಕದಿಂದ ರೀಜೆನ್ಸಿ ಕಾಲದ ಇಂಗ್ಲೆಂಡನ್ನು, ಅಂದರೆ 1811ರಿಂದ 1820ರವರೆಗಿನ ಒಂಬತ್ತೇ ವರ್ಷಗಳ ಅವಧಿಯನ್ನು, ಪ್ರೇಮಕಥೆಗಳ ನೆಲೆಯಾಗಿ ಮಾಡಿಕೊಂಡ ಮೇಲೆ ಅಲ್ಲಿ ಅದು ಒಂದು ಪ್ರಕಾರವಾಗಿಯೇ ಬೆಳೆಯಿತು. ಎಷ್ಟೇ ತೊಡಕು ಬಂದರೂ ಕೊನೆಯ ಪುಟದ ಹೊತ್ತಿಗೆ ಜೋಡಿ ಒಂದಾಗಿರುತ್ತದೆ ಎಂಬ ಭರವಸೆಯೂ ಓದುಗರಿಗೆ ದೊರೆಯಿತು. ಕನ್ನಡದ ಐತಿಹಾಸಿಕ ಕಾದಂಬರಿಕಾರರು ಅಂಥ ಮಾತನ್ನು ಎಂದೂ ಕೊಟ್ಟಿಲ್ಲ. ಅವರು ಹೇಳಹೊರಟದ್ದು ರಾಜ್ಯದ ಏಳುಬೀಳನ್ನು. ಪ್ರೀತಿ ಅದರೊಳಗೆ ಸೇರಿಕೊಂಡಿರುತ್ತದೆ, ಎಷ್ಟೋ ಸಲ ರಾಜ್ಯದೊಡನೆಯೇ ಮುಳುಗಿಯೂ ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಇಂಥ ಪುಸ್ತಕವನ್ನು ಮುಖಪುಟ ನೋಡಿ, ಜನಪ್ರಿಯತೆ ನೋಡಿ ಆರಿಸಿದರೆ ನಿರಾಶೆಯಾಗುವ ಸಂಭವ ಹೆಚ್ಚು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಗೆ ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಕಣ್ಣಾರೆ ಕಂಡ ಊರಿನ ಕಥೆಯಿಂದ ಶುರುಮಾಡಿ, ಅಲ್ಲಿ ತಮ್ಮ ರುಚಿಯನ್ನು ಗುರುತಿಸಿಕೊಂಡು, ಆಮೇಲೆ ದೂರದ ಕಾಲಕ್ಕೂ ದೂರದ ಊರಿಗೂ ಹೋಗುವುದು ಆ ದಾರಿ.

ಎಂಥ ಪ್ರೀತಿ ಬೇಕೆಂದು ಮೊದಲು ನಿರ್ಧರಿಸಿ

ಪುಸ್ತಕ ಹುಡುಕಲು ಹೊರಡುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟುಕೊಳ್ಳಿ. ಮೊದಲನೆಯದು, ದುಃಖಾಂತವನ್ನು ನೀವು ತಾಳಿಕೊಳ್ಳಬಲ್ಲಿರಾ ಎಂಬುದು. ಇತಿಹಾಸವನ್ನು ಆಧರಿಸಿದ ಕಥೆಯಲ್ಲಿ ರಾಣಿಯ ಸಾವನ್ನು ಶಾಸನವೇ ಎಂದೋ ಹೇಳಿಬಿಟ್ಟಿರುತ್ತದೆ; ಕಾದಂಬರಿಕಾರನಿಗೆ ಅದನ್ನು ತಪ್ಪಿಸುವ ಅಧಿಕಾರ ಹೆಚ್ಚೇನೂ ಇರುವುದಿಲ್ಲ. ಎರಡನೆಯದು, ಪ್ರೀತಿಯ ಎದುರು ಯಾವ ಅಡ್ಡಿ ನಿಂತರೆ ನಿಮಗೆ ಓದುವ ಹುರುಪು ಬರುತ್ತದೆ ಎಂಬುದು. ಅಂತಃಪುರದ ಒಳಸಂಚು, ಯುದ್ಧ, ಮತಭೇದ, ಸವತಿಯ ಸಂಕಟ, ಕಲೆಯ ಮೇಲಿನ ಮೋಹ, ಊರಿನ ಯಜಮಾನಿಕೆ, ಇವು ಬೇರೆ ಬೇರೆ ಬಗೆಯ ಕಾದಂಬರಿಗಳನ್ನು ಹುಟ್ಟಿಸುತ್ತವೆ. ಸವತಿಯ ಸಂಕಟದ ಕಥೆಯನ್ನು ಮೆಚ್ಚುವವರು ಯುದ್ಧದ ಕಥೆಯನ್ನು ಅರ್ಧಕ್ಕೇ ಮುಚ್ಚಿಡಬಹುದು. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಗ್ರಂಥಪಾಲಕರನ್ನು ಕೇಳುವುದೂ ಸುಲಭವಾಗುತ್ತದೆ. ‘ಒಳ್ಳೆಯ ಐತಿಹಾಸಿಕ ಕಾದಂಬರಿ ಕೊಡಿ’ ಎಂದವರಿಗೆ ಸಿಗುವ ಪುಸ್ತಕವೇ ಬೇರೆ, ‘ರಾಣಿಯ ಕಡೆಯಿಂದ ಹೇಳಿದ ಕಥೆ ಕೊಡಿ’ ಎಂದವರಿಗೆ ಸಿಗುವ ಪುಸ್ತಕವೇ ಬೇರೆ.

ಶಾಂತಲೆಯಿಂದ ಆರಂಭಿಸಿ

ಈ ಎರಡು ಜಿಲ್ಲೆಗಳವರಿಗೆ ಶಾಂತಲೆಗಿಂತ ಹತ್ತಿರದ ಬಾಗಿಲು ಇನ್ನೊಂದಿಲ್ಲ. ಹೊಯ್ಸಳರ ಮೂಲವೆಂದು ಹೇಳುವ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ ಬೇಲೂರಿನಲ್ಲಿದೆ. ಪಟ್ಟದರಸಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ ಶ್ರವಣಬೆಳಗೊಳದಲ್ಲಿದೆ. ‘ಸವತಿಗಂಧವಾರಣೆ’ ಎಂದರೆ ಸವತಿಯರೆಂಬವರಿಗೆ ಮದ್ದಾನೆಯಂತಿದ್ದವಳು. ರಾಣಿಯೊಬ್ಬಳು ಈ ಬಿರುದನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡಿದ್ದಾಳೆ ಎನ್ನುವುದೇ ಒಂದು ಕಾದಂಬರಿಗೆ ಸಾಕಾಗುವಷ್ಟು ಸಾಮಗ್ರಿ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದನ್ನೂ ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಆ ಸಾವಿನ ಹಿಂದಿನ ಮನಸ್ಸನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ. ವಿಷ್ಣುವರ್ಧನನ ನಂತರ ಪಟ್ಟಕ್ಕೆ ಬಂದವನು ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ ನರಸಿಂಹ. ಶಾಸನ ಮೌನವಾಗಿರುವ ಈ ಜಾಗದಲ್ಲಿಯೇ ನಮ್ಮ ಕಾದಂಬರಿಕಾರರು ಬಗೆಬಗೆಯ ಕಥೆಗಳನ್ನು ಕಟ್ಟಿದ್ದಾರೆ.

ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಮತ್ತು ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಇವೆರಡನ್ನೂ ಒಟ್ಟಿಗೆ ಎರವಲು ತನ್ನಿ. ಎರಡನ್ನೂ ಪೂರ್ತಿ ಓದಲೇಬೇಕೆಂದಿಲ್ಲ. ಎರಡರಿಂದಲೂ ಮೊದಲ ಐವತ್ತು ಪುಟ ಓದಿದರೆ ನಿಮ್ಮ ರುಚಿಯ ಬಗ್ಗೆ ನಿಮಗೇ ಗೊತ್ತಿಲ್ಲದ ಸಂಗತಿಯೊಂದು ತಿಳಿಯುತ್ತದೆ. ವ್ಯಾಯಾಮದ ಗರಡಿಯಿಂದ ಸಾಹಿತ್ಯಕ್ಕೆ ಬಂದ ಅಯ್ಯರ್ ಅವರ ಬರವಣಿಗೆಯಲ್ಲಿ ಭಾವದ ಒತ್ತಡ ಹೆಚ್ಚು. ಕಥೆ ಮನಸ್ಸಿನ ಕಡೆಗೆ ವಾಲುತ್ತದೆ. ನಾಗರಾಜರಾವ್ ಅವರದು ನಾಲ್ಕು ಭಾಗಗಳ ಸಾವಧಾನದ ಕಥನ. ಅದರಲ್ಲಿ ಶಾಂತಲೆ ಮೊದಲು ಬಳಿಪುರದ ಹೆಗ್ಗಡೆ ಮಾರಸಿಂಗಯ್ಯನ ಮಗಳು, ಗುರುಗಳ ಬಳಿ ಪಾಠ ಹೇಳಿಸಿಕೊಳ್ಳುವ ಚುರುಕು ಹುಡುಗಿ. ರಾಜಕುಮಾರ ಬಿಟ್ಟಿದೇವನೊಡನೆ, ಅಂದರೆ ಮುಂದೆ ವಿಷ್ಣುವರ್ಧನ ಎನಿಸಿಕೊಂಡವನೊಡನೆ, ಅವಳ ಸ್ನೇಹ ಬಲಿಯುವುದು ಓದಿನ, ವಾದದ, ಪರಸ್ಪರ ಗೌರವದ ಮೂಲಕ. ಅದರ ಪಕ್ಕದಲ್ಲೇ ದಂಡನಾಯಕನ ಹೆಂಡತಿ ತನ್ನ ಹೆಣ್ಣುಮಕ್ಕಳನ್ನು ಅರಮನೆ ಸೇರಿಸಲು ಹೂಡುವ ಆಟವೂ ನಡೆಯುತ್ತದೆ. 1983ರಲ್ಲಿ ಭಾರತೀಯ ಜ್ಞಾನಪೀಠದ ಮೊದಲ ಮೂರ್ತಿದೇವಿ ಪ್ರಶಸ್ತಿ ಬಂದದ್ದು ಈ ಕೃತಿಗೆ. ನನ್ನ ಅಭಿಪ್ರಾಯ ಕೇಳುವುದಾದರೆ, ನಿಧಾನವಾಗಿ ಅರಳುವ ಪ್ರೀತಿಯನ್ನು ಓದಬೇಕೆನ್ನುವವರಿಗೆ ಇದರ ಮೊದಲ ಭಾಗಕ್ಕೆ ಸಮನಾದದ್ದು ಕನ್ನಡದಲ್ಲಿ ಕಡಿಮೆ. ಮುಂದಿನ ಭಾಗಗಳಲ್ಲಿ ಆಸ್ಥಾನದ ವ್ಯವಹಾರ ಹೆಚ್ಚಾಗಿ ಪ್ರೀತಿ ಹಿಂದೆ ಸರಿಯುತ್ತದೆ ಎಂಬುದನ್ನೂ ಹೇಳಬೇಕು.

ಅಯ್ಯರ್ ಹಿಡಿಸಿದರೆ ನೀವು ಭಾವದ ಓದುಗರು, ಮುಂದೆ ತ.ರಾ. ಸುಬ್ಬರಾಯರ ಕಡೆಗೆ ಹೋಗಿ. ನಾಗರಾಜರಾವ್ ಹಿಡಿಸಿದರೆ ನಿಮಗೆ ಕಾಲದ ವಿವರ, ಮನೆತನದ ಲೆಕ್ಕಾಚಾರ, ಮಾತಿನ ನಯ ಬೇಕು. ಆಗ ಮಾಸ್ತಿಯವರತ್ತ ತಿರುಗಿ.

ಅಲ್ಲಿಂದ ಮುಂದಿನ ದಾರಿ

ತರಾಸು ಎಂದೊಡನೆ ಚಿತ್ರದುರ್ಗದ ಪಾಳೆಯಗಾರರ ಕತ್ತಿಯ ಸದ್ದೇ ನೆನಪಾಗುತ್ತದೆ. ಪ್ರೀತಿಯ ಕಥೆ ಹುಡುಕುವವರು ಮಾತ್ರ ಮೊದಲು ‘ಹಂಸಗೀತೆ’ಯನ್ನು ಓದಬೇಕು. ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಆ ಕಥೆಯಲ್ಲಿ ಹೆಣ್ಣಿನ ಮೇಲಿನ ಪ್ರೀತಿಯೂ ನಾದದ ಮೇಲಿನ ಪ್ರೀತಿಯೂ ಒಂದನ್ನೊಂದು ತಿನ್ನುತ್ತವೆ, ಬೆಳೆಸುತ್ತವೆ. ಇದು ಹಿಂದಿಯಲ್ಲಿ 1956ರಲ್ಲಿ, ಕನ್ನಡದಲ್ಲಿ 1975ರಲ್ಲಿ ಸಿನಿಮಾ ಆಯಿತು. ಸಿನಿಮಾ ನೋಡಿದವರೂ ಪುಸ್ತಕವನ್ನು ಬಿಡಬೇಕಾಗಿಲ್ಲ. ದುರ್ಗದ ಹಿನ್ನೆಲೆಯಲ್ಲಿಯೇ ಮತದ ಗೋಡೆಯನ್ನು ದಾಟುವ ಪ್ರೇಮ ಬೇಕೆಂದರೆ ಬಿ.ಎಲ್. ವೇಣು ಅವರ ‘ಕಲ್ಲರಳಿ ಹೂವಾಗಿ’ ಇದೆ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಪ್ರೇಮಕಥೆಯೆಂದು ಯಾರೂ ಕರೆಯುವುದಿಲ್ಲ, ಕರೆಯಲೂಬಾರದು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಕಥೆ ಅದು. ಆದರೆ ದಾರಿತಪ್ಪಿದ ಗಂಡನೊಡನೆ ಘನತೆಯಿಂದ ಬಾಳುವ ರಾಣಿ ಗೌರಮ್ಮಾಜಿಯ ಪಾತ್ರ, ದಾಂಪತ್ಯ ಎಂದರೇನು ಎಂದು ಕೇಳಿಕೊಳ್ಳುವ ಓದುಗರನ್ನು ಹಿಡಿದು ನಿಲ್ಲಿಸುತ್ತದೆ. ಹಗುರಾದ ಓದು ಬೇಕಾದ ದಿನ ಇದನ್ನು ಕೈಗೆತ್ತಿಕೊಳ್ಳಬೇಡಿ. ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ್ದರಿಂದ ನಮ್ಮ ಜಿಲ್ಲೆಯ ಓದುಗರು ಅವರ ಸಾಮಾಜಿಕ ಕಾದಂಬರಿಗಳನ್ನು ಹೇಗೂ ಓದಿರುತ್ತಾರೆ. ಎಂಟನೆಯ ಶತಮಾನದಲ್ಲಿ ನಡೆಯುವ ‘ಸಾರ್ಥ’ದಲ್ಲಿ ನಾಗಭಟ್ಟನಿಗೂ ನಟಿ ಚಂದ್ರಿಕೆಗೂ ನಡುವೆ ಬೆಳೆಯುವ ಸಂಬಂಧವನ್ನು ತತ್ತ್ವಚರ್ಚೆಯ ನಡುವೆ ಹುಡುಕಿಕೊಂಡು ಓದುವ ತಾಳ್ಮೆಯಿದ್ದರೆ ಅದೂ ಒಳ್ಳೆಯ ಆಯ್ಕೆ.

ಈಗ ಕಪಾಟಿನ ಹಣೆಪಟ್ಟಿಯನ್ನು ಮರೆಯಬೇಕಾದ ಹಂತ. ಕನ್ನಡದ ಅತ್ಯುತ್ತಮ ಐತಿಹಾಸಿಕ ಪ್ರೇಮಕಥೆಗಳು ಇರುವುದು ಐತಿಹಾಸಿಕ ಎಂದು ಯಾರೂ ಕರೆಯದ ಒಂದು ಪುಸ್ತಕದಲ್ಲಿ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ, ಎಂದು ನಾನು ನಂಬಿದ್ದೇನೆ. 1967ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ, ವಿವೇಕಾನಂದರು ಅಮೆರಿಕಕ್ಕೆ ಹೋದ ಹೊತ್ತು. ಇಲ್ಲಿ ಅರಮನೆಯಿಲ್ಲ, ಕಿರೀಟವಿಲ್ಲ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಬರಲು ಕಾಡು ಹತ್ತಿ ಹೋಗುತ್ತಾನೆ, ಮುಕುಂದಯ್ಯ ಚಿನ್ನಮ್ಮರ ಪ್ರೀತಿ ಮನೆತನಗಳ ಹಟದ ನಡುವೆ ದಾರಿ ಹುಡುಕುತ್ತದೆ, ಐತ ಪೀಂಚಲು ಬಡತನದಲ್ಲಿಯೂ ಒಬ್ಬರನ್ನೊಬ್ಬರು ಬಿಡದೆ ಬದುಕುತ್ತಾರೆ. ದುಃಖಾಂತ ಬೇಡವೆನ್ನುವವರಿಗೂ ಇಲ್ಲಿ ದಕ್ಕುವುದು ಬಹಳವಿದೆ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಇದರ ಮಾತಿನ ಬಳಕೆ ಮನೆಯ ಮಾತಿನಷ್ಟೇ ಹತ್ತಿರ. ಬಯಲುಸೀಮೆಯ ಅರಸೀಕೆರೆಯವರಿಗೆ ಮೊದಲಿಗೆ ಸ್ವಲ್ಪ ತಡವರಿಸಬಹುದು. ಪಾತ್ರಗಳು ಬಹಳವಿರುವುದರಿಂದ ಒಂದು ಚೀಟಿಯಲ್ಲಿ ಮನೆಗಳ ಹೆಸರನ್ನೂ ಅಲ್ಲಿನವರ ಹೆಸರನ್ನೂ ಬರೆದುಕೊಂಡು ಓದಿದರೆ ನೂರು ಪುಟ ದಾಟುವುದು ಕಷ್ಟವಲ್ಲ.

ಹಳೆಯ ಕಾಲದ ಸೊಗಸು ಬೇಕೆನ್ನುವವರಿಗೆ ಒಂದು ಮಾತು. ಈ ಬಗೆಯ ಕಥೆ ಕನ್ನಡಕ್ಕೆ ಬಂದದ್ದರಲ್ಲಿ ಬಂಗಾಳದ ಪಾಲು ದೊಡ್ಡದು. ಬಂಕಿಮಚಂದ್ರರು 1865ರಲ್ಲಿ ಪ್ರಕಟಿಸಿದ ‘ದುರ್ಗೇಶನಂದಿನಿ’ಯನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಮೊಗಲರಿಗೂ ಪಠಾಣರಿಗೂ ನಡೆದ ಕಾಳಗದ ಹಿನ್ನೆಲೆ, ಜಗತ್ ಸಿಂಹ, ಅವನನ್ನು ಪ್ರೀತಿಸುವ ತಿಲೋತ್ತಮೆ ಮತ್ತು ಆಯೇಷಾ. ಅಪ್ಪಟ ಐತಿಹಾಸಿಕ ಪ್ರೇಮಕಥೆ ಎಂದರೆ ಇದು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಜಾಡಿನಲ್ಲಿ ನಡೆದವರು. ಇವರ ಭಾಷೆ ಸಂಸ್ಕೃತದ ಭಾರ ಹೊತ್ತದ್ದು. ಪ್ರತಿ ಪುಟದಲ್ಲಿಯೂ ನಿಲ್ಲಬೇಕಾಗುತ್ತದೆ.

ಅರ್ಧ ಗಂಟೆಯ ಪರೀಕ್ಷೆ

ಪುಸ್ತಕ ಕೈಗೆ ಬಂದ ಮೇಲೆ ಅಲ್ಲೇ ಕುಳಿತು ಪರೀಕ್ಷಿಸಿ. ಮೊದಲು ಲೇಖಕರ ‘ಅರಿಕೆ’ ಓದಿ. ಯಾವ ಶಾಸನ, ಯಾವ ಐತಿಹ್ಯ ಆಧಾರ ಎಂಬುದನ್ನು ಅವರು ಹೇಳಿದ್ದರೆ ಅದು ಒಳ್ಳೆಯ ಲಕ್ಷಣ. ಬೇರೆಯವರು ಬರೆದ ಮುನ್ನುಡಿಯನ್ನು ಮಾತ್ರ ಕಾದಂಬರಿ ಮುಗಿಯುವವರೆಗೆ ಮುಟ್ಟಬೇಡಿ. ನಮ್ಮ ಮುನ್ನುಡಿಕಾರರಿಗೆ ಕಥೆಯ ಕೊನೆಯನ್ನು ಮೂರನೆಯ ಪುಟದಲ್ಲೇ ಬಿಟ್ಟುಕೊಡುವ ಚಟ. ಆಮೇಲೆ ನಾಯಕ ನಾಯಕಿ ಇಬ್ಬರೇ ಮಾತಾಡುವ ಒಂದು ದೃಶ್ಯವನ್ನು ಹುಡುಕಿ ಓದಿ. ಕಂಪನಿ ನಾಟಕದ ಸಂಭಾಷಣೆಯಂತೆ ಪ್ರತಿ ಮಾತೂ ಉದ್ಘೋಷವಾಗಿದ್ದರೆ, ಅದು ನಿಮಗೆ ಒಗ್ಗುತ್ತದೆಯೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ನಾಯಕಿಗೆ ಕಾದು ಕುಳಿತುಕೊಳ್ಳುವುದನ್ನು ಬಿಟ್ಟು ಬೇರೆ ಕೆಲಸವಿದೆಯೇ ಎಂಬುದನ್ನೂ ನೋಡಿ. ನೃತ್ಯ, ಆಡಳಿತ, ಶಾಸ್ತ್ರ, ಹೊಲದ ದುಡಿಮೆ, ಯಾವುದಾದರೂ ಸರಿ. ಅವಳ ಸೌಂದರ್ಯದ ವರ್ಣನೆಗೇ ಅಧ್ಯಾಯಗಳು ಮುಗಿದಿದ್ದರೆ ಆ ಪುಸ್ತಕವನ್ನು ಸದ್ದಿಲ್ಲದೆ ಅಲ್ಲಿಯೇ ಇಟ್ಟು ಬರುವುದು ಮೇಲು.

ಐತಿಹ್ಯ ಮತ್ತು ಇತಿಹಾಸ ಬೆರೆತಿರುವುದನ್ನು ಬೇರ್ಪಡಿಸಿ ನೋಡುವುದು ಕೆಲವರಿಗೆ ಓದಿನಷ್ಟೇ ಸುಖ ಕೊಡುತ್ತದೆ. ಬೇಲೂರಿನ ದರ್ಪಣ ಸುಂದರಿಗೆ ಶಾಂತಲೆಯೇ ರೂಪದರ್ಶಿ ಎನ್ನುವುದು ಜನ ಹೇಳಿಕೊಂಡು ಬಂದ ಕಥೆ, ಜಕಣಾಚಾರಿಯದೂ ಅಂಥದೇ. ಆದರೆ ದಾಸೋಜ, ಚಾವಣರಂಥ ಬಳ್ಳಿಗಾವೆಯ ಶಿಲ್ಪಿಗಳ ಹೆಸರು ಬೇಲೂರಿನ ವಿಗ್ರಹಗಳ ಕೆಳಗೇ ಕೆತ್ತಿದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎರಡನೆಯ ಸಂಪುಟದಲ್ಲಿ ಶ್ರವಣಬೆಳಗೊಳದ, ಐದನೆಯದರಲ್ಲಿ ಹಾಸನ ಜಿಲ್ಲೆಯ, ಆರನೆಯದರಲ್ಲಿ ಆಗಿನ ಕಡೂರು ಜಿಲ್ಲೆ ಎನಿಸಿದ್ದ ಇಂದಿನ ಚಿಕ್ಕಮಗಳೂರಿನ ಶಾಸನಗಳಿವೆ. ಚಿಕ್ಕಮಗಳೂರು ಬೇಲೂರುಗಳ ನಡುವೆ ಓಡಾಡುವವರಿಗೆ ಇನ್ನೊಂದು ಸೂಚನೆ: ಕಾದಂಬರಿಗಳಲ್ಲಿ ಬರುವ ವೀರರಾಣಿ ಬೆಳವಡಿ ಮಲ್ಲಮ್ಮ ನಮ್ಮ ವೀರನಾರಾಯಣ ದೇವಾಲಯದ ಬೆಳವಾಡಿಯವಳಲ್ಲ, ಬೆಳಗಾವಿ ಕಡೆಯವಳು.

ಪುಸ್ತಕ ದೊರಕಿಸಿಕೊಳ್ಳುವುದು

ಜಿಲ್ಲಾ ಕೇಂದ್ರ ಗ್ರಂಥಾಲಯದ ಸದಸ್ಯತ್ವವೇ ಎಲ್ಲಕ್ಕಿಂತ ಅಗ್ಗದ ದಾರಿ. ಹಳೆಯ ಮುದ್ರಣಗಳು ಅಲ್ಲಿ ಸಿಗುವಷ್ಟು ಅಂಗಡಿಯಲ್ಲಿ ಸಿಗುವುದಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿ ಎಲ್ಲರದೂ ಆಗುತ್ತದೆ. ಗಳಗನಾಥರು 1942ರಲ್ಲಿ, ‘ಮಯೂರ’ ಬರೆದ ದೇವುಡು ನರಸಿಂಹಶಾಸ್ತ್ರಿಗಳು 1962ರಲ್ಲಿ ತೀರಿಕೊಂಡರು. ಇಂಥವರ ಕೃತಿಗಳನ್ನು ಇಂಟರ್ನೆಟ್ ಆರ್ಕೈವ್‌ನಂಥ ಜಾಲತಾಣಗಳಲ್ಲಿ ಹುಡುಕಿ ಸಂಕೋಚವಿಲ್ಲದೆ ಓದಬಹುದು. 1984ರಲ್ಲಿ ತೀರಿಕೊಂಡ ತರಾಸು, 1986ರಲ್ಲಿ ತೀರಿಕೊಂಡ ಮಾಸ್ತಿ ಇವರ ಪುಸ್ತಕಗಳಿಗೆ ಆ ಕಾಲ ಇನ್ನೂ ಬಂದಿಲ್ಲ. ಅವನ್ನು ಕೊಳ್ಳಬೇಕು ಅಥವಾ ಎರವಲು ತರಬೇಕು. ಕಣ್ಣಿನ ತೊಂದರೆಯಿರುವ ಹಿರಿಯರಿಗೆ ಕನ್ನಡದ ಕೇಳುಪುಸ್ತಕಗಳೂ ಈಗ ಮೊಬೈಲಿನಲ್ಲಿ ಸಿಗುತ್ತವೆ.

ಕೊನೆಯದಾಗಿ, ಬಹುಭಾಗಗಳ ಕಾದಂಬರಿಯನ್ನು ಎತ್ತಿಕೊಳ್ಳುವ ಮುನ್ನ ಎಲ್ಲ ಭಾಗಗಳೂ ಕಪಾಟಿನಲ್ಲಿವೆಯೇ ಎಂದು ನೋಡಿಕೊಳ್ಳಿ. ತರಾಸು ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಮೂರನ್ನು ಇದೇ ಕ್ರಮದಲ್ಲಿ ಓದಬೇಕು. ‘ದುರ್ಗಾಸ್ತಮಾನ’ವನ್ನು ಬೇರೆಯಾಗಿಯೂ ಓದಬಹುದು. ಶಾಂತಲದೇವಿಯ ನಾಲ್ಕು ಭಾಗಗಳಲ್ಲಿ ಒಂದು ಬೇರೆಯವರ ಮನೆಯಲ್ಲಿದ್ದರೆ, ಅದು ವಾಪಸು ಬಂದಾಗ ತಿಳಿಸುವಂತೆ ಗ್ರಂಥಪಾಲಕರಿಗೆ ಹೇಳಿ, ಅಷ್ಟರಲ್ಲಿ ಅಯ್ಯರ್ ಅವರ ‘ಶಾಂತಲಾ’ವನ್ನು ಓದಿ ಮುಗಿಸಿ.