ಹನ್ನೆರಡು ಮಿಲಿಮೀಟರ್ ಪ್ಲಾಸ್ಟರ್ ಮತ್ತು ನನ್ನ ಹೊಸ ಮಾನಿಟರ್

ಬೆಳಿಗ್ಗೆ ಹತ್ತಕ್ಕೆ ಬಡಗಿ ಫೋನ್ ಮಾಡಿದರು. "ಸಾರ್, ಈ ಮನೆಗೆ ಪ್ಲಾಸ್ಟರ್ ಬೇಡ ಅಂದಿದ್ರಾ?"

ಸೈಟಿಗೆ ಹೋಗಿ ನೋಡಿದೆ. ಎರಡು ಗೋಡೆಗಳ ನಡುವೆ ಕೂರಬೇಕಿದ್ದ ವಾರ್ಡ್‌ರೋಬ್ ಹಾಲ್‌ನಲ್ಲೇ ನಿಂತಿತ್ತು. ನನ್ನ ಡ್ರಾಯಿಂಗ್‌ನಲ್ಲಿ 1830 ಮಿ.ಮೀ. ಅಂತ ಇತ್ತು. ಟೇಪ್ ಹಿಡಿದರೆ 1806. ಎರಡೂ ಕಡೆ 12 ಮಿ.ಮೀ. ಪ್ಲಾಸ್ಟರ್ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಕಂಪ್ಯೂಟರಿನಲ್ಲಿ ಡೈಮೆನ್ಷನ್ ಹಾಕುವಾಗ, ಕರ್ಸರನ್ನು ಹತ್ತಿರದ ಗೆರೆಗೆ ತಾನಾಗೇ ಅಂಟಿಸುವ ಸ್ನ್ಯಾಪ್, ಪ್ಲಾಸ್ಟರ್ ಗೆರೆ ಬಿಟ್ಟು ಇಟ್ಟಿಗೆ ಗೆರೆ ಹಿಡಿದುಕೊಂಡಿತ್ತು. ಗಿಲಾವು ಆಗುವ ಮೊದಲೇ ಪ್ಲೈ ಕಟ್ ಮಾಡಿದ್ದರಿಂದ ಬಡಗಿಯೂ ಡ್ರಾಯಿಂಗನ್ನೇ ನಂಬಿದ್ದರು. ಶೆಲ್ಫ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಕೊಯ್ದರು. ಆ ಕೂಲಿ ನನ್ನ ಜೇಬಿನಿಂದಲೇ ಹೋಯಿತು.

ಝೂಮ್ ಮಾಡಿ ನೋಡಿದ್ದರೆ ಗೊತ್ತಾಗುತ್ತಿತ್ತು, ನಿಜ. ತಪ್ಪು ನನ್ನದೇ. ಆದರೂ ಆವತ್ತು ಸಂಜೆ ಸುಮ್ನೆ ಒಂದು ಲೆಕ್ಕ ಹಾಕಿದೆ. 1:50 ಸ್ಕೇಲ್‌ನಲ್ಲಿ 12 ಮಿ.ಮೀ. ಪ್ಲಾಸ್ಟರ್ ಅಂದರೆ ಹಾಳೆಯ ಮೇಲೆ 0.24 ಮಿ.ಮೀ. ನನ್ನ ಟೇಬಲ್ ಮೇಲಿದ್ದದ್ದು 27 ಇಂಚಿನ ಫುಲ್ ಎಚ್‌ಡಿ (1920×1080 ಪಿಕ್ಸೆಲ್) ಮಾನಿಟರ್. ಅದರ ಒಂದು ಪಿಕ್ಸೆಲ್ಲೇ 0.31 ಮಿ.ಮೀ. ಅಂದರೆ ಹಾಳೆಯ ಅಳತೆಯಲ್ಲಿ ನೋಡಿದರೆ ಇಟ್ಟಿಗೆ ಗೆರೆಗೂ ಪ್ಲಾಸ್ಟರ್ ಗೆರೆಗೂ ನಡುವಿನ ಜಾಗ ಒಂದು ಪಿಕ್ಸೆಲ್ಲಿಗಿಂತ ಕಡಿಮೆ. ಎರಡು ಗೆರೆ ಸೇರಿ ಒಂದು ದಪ್ಪ ಗೆರೆ ಆಗಿಬಿಡುತ್ತದೆ. ದೊಡ್ಡ ಸ್ಕ್ರೀನ್ ಒಳ್ಳೆಯದು ಅಂತ ತಗೊಂಡಿದ್ದೆ. ಅದು ದೊಡ್ಡದು ಮಾಡಿದ್ದು ಪಿಕ್ಸೆಲ್ಲನ್ನು ಮಾತ್ರ.

ಹೊಸದನ್ನು ಆರಿಸುವಾಗ ಮೊದಲು ನೋಡಿದ್ದು ಇದನ್ನೇ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್, 27 ಇಂಚಿನಲ್ಲಿ 82ಕ್ಕೆ ಇಳಿಯುತ್ತದೆ. ಅದೇ 27 ಇಂಚಿನಲ್ಲಿ 2560×1440 ಇದ್ದರೆ 109, 4ಕೆ (3840×2160) ಇದ್ದರೆ 163. ಮನೆ ಪ್ಲಾನ್ ಬರೆಯುವ ನಮ್ಮ ಕೆಲಸಕ್ಕೆ 109ಕ್ಕಿಂತ ಕೆಳಗೆ ಇಳಿಯಬಾರದು ಅನ್ನೋದು ನನ್ನ ಅಭಿಪ್ರಾಯ. ಗೇಮ್ ಆಡುವವರು ಕೇಳುವ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವುದು), 1 ಮಿಲಿಸೆಕೆಂಡ್ ಇವೆಲ್ಲ ನಮಗೆ ಬೇಕಿಲ್ಲ. ಪ್ಲಾನ್ ಓಡುವುದಿಲ್ಲ, ಅಲ್ವಾ?

ಬೆಳಗಿನ ರೈಲು ಹಿಡಿದು ಮೈಸೂರಿನಿಂದ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. ಬ್ಯಾಗಲ್ಲಿ ಒಂದು ಪೆನ್‌ಡ್ರೈವ್, ಒಂದು ಎ3 ಪ್ರಿಂಟ್. 30×40 ಸೈಟಿನ ಪ್ಲಾನ್, 1:50ರಲ್ಲಿ. ಅದೇ ಪ್ಲಾನಿನ ಪಿಡಿಎಫ್, ಒಂದು ಎಲಿವೇಶನ್ ರೆಂಡರ್ (ಮನೆಯ ಹೊರನೋಟದ ಬಣ್ಣದ ಚಿತ್ರ), ಕಪ್ಪು ಹಿನ್ನೆಲೆಯ ಒಂದು ಸ್ಕ್ರೀನ್‌ಶಾಟ್ ಪೆನ್‌ಡ್ರೈವ್‌ನಲ್ಲಿ. ಅಂಗಡಿಯಲ್ಲಿ ನಾವು ಪ್ಲಾನ್ ಬರೆಯುವ ಆಟೋಕ್ಯಾಡ್ ಸಾಫ್ಟ್‌ವೇರ್ ಇರುವುದಿಲ್ಲ, ಪಿಡಿಎಫ್ ಎಲ್ಲ ಕಡೆ ತೆರೆಯುತ್ತದೆ. ಪ್ರಿಂಟನ್ನು ಮಾನಿಟರ್ ಪಕ್ಕ ಹಿಡಿದು, ಎರಡೂ ಒಂದೇ ಅಳತೆ ಆಗುವ ತನಕ ಝೂಮ್ ಮಾಡಿದೆ. ಅಂಗಡಿ ಹುಡುಗ ನನ್ನನ್ನೇ ನೋಡುತ್ತಿದ್ದ. "ಎಲ್ಲರೂ ಯೂಟ್ಯೂಬ್ ಹಾಕಿಸಿ ನೋಡ್ತಾರೆ ಸಾರ್."

27 ಇಂಚಿನ ಸ್ಕ್ರೀನ್ ಅಗಲ ಸುಮಾರು 598 ಮಿ.ಮೀ., ಎತ್ತರ 336. ಎ3 ಹಾಳೆ 420×297. ಇಡೀ ಎ3 ನಿಜವಾದ ಅಳತೆಯಲ್ಲೇ ಕೂತು, ಮೇಲೆ ಟೂಲ್‌ಬಾರ್‌ಗೆ, ಪಕ್ಕದಲ್ಲಿ ಲೇಯರ್ ಪಟ್ಟಿಗೆ ಜಾಗ ಉಳಿಯಿತು. ಡ್ರಾಯಿಂಗ್ ಬೋರ್ಡ್ ಮೇಲೆ ಹಾಳೆ ಅಂಟಿಸಿಕೊಂಡು ಕೂತ ಕಾಲ ನೆನಪಾಯಿತು. 4ಕೆಯಲ್ಲಿ ಪಿಕ್ಸೆಲ್ 0.155 ಮಿ.ಮೀ. ಪ್ಲಾಸ್ಟರ್ ಗೆರೆ ಬೇರೆಯಾಗಿ ಕಂಡಿತು, ತೆಳ್ಳಗೆ, ಕೂದಲಿನ ಹಾಗೆ.

ಹುಡುಗ 34 ಇಂಚಿನ ಬಾಗಿದ ಸ್ಕ್ರೀನ್ ಒಂದನ್ನೂ ತೋರಿಸಿದ. ನೋಡಲು ಭರ್ಜರಿ. ಆದರೆ ಮೇಲಂಚಿನ ಹತ್ತಿರ ಬಂದ ಬೀಮ್ ಗೆರೆ ನನ್ನ ಕಣ್ಣಿಗೆ ಜೋತುಬಿದ್ದ ಹಾಗೆ ಕಂಡಿತು. ದಿನವಿಡೀ ನೋಡಿದರೆ ಕಣ್ಣು ಹೊಂದಿಕೊಳ್ಳುತ್ತದೆ ಅಂತಾರೆ. ನನಗೆ ಹೊಂದಿಕೊಳ್ಳುವ ಆಸೆ ಇರಲಿಲ್ಲ. ಸ್ಕ್ರೀನ್ ಪ್ಯಾನೆಲ್‌ಗಳಲ್ಲಿ ವಿಎ, ಐಪಿಎಸ್, ಟಿಎನ್ ಅಂತ ಬಗೆಗಳಿವೆ. ವಿಎ ಪ್ಯಾನೆಲ್‌ನ ಇನ್ನೊಂದರಲ್ಲಿ ಕಪ್ಪು ನಿಜಕ್ಕೂ ಕಪ್ಪಾಗಿತ್ತು, ಆದರೆ ಕಪ್ಪು ಹಿನ್ನೆಲೆಯ ಚಿತ್ರವನ್ನು ಆ ಕಡೆ ಈ ಕಡೆ ಎಳೆದಾಗ ಗೆರೆಗಳ ಹಿಂದೆ ಮಬ್ಬು ಬಾಲ ಬರುತ್ತಿತ್ತು. ದಿನಕ್ಕೆ ಸಾವಿರ ಸಲ ಹೀಗೆ ಪ್ಯಾನ್ ಮಾಡುವವನಿಗೆ (ಚಿತ್ರ ಎಳೆದಾಡುವವನಿಗೆ) ಇದು ತಲೆನೋವು.

ಕೊನೆಗೆ ತಗೊಂಡದ್ದು 27 ಇಂಚಿನ 4ಕೆ ಐಪಿಎಸ್, ಮ್ಯಾಟ್ ಸ್ಕ್ರೀನ್. ಐಪಿಎಸ್ ಯಾಕೆ ಅಂದರೆ ನನ್ನ ಕ್ಲೈಂಟ್‌ಗಳು ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಾರೆ, ಓರೆಯಿಂದ ನೋಡಿದರೂ ಇದರಲ್ಲಿ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಹಳೆಯ ಟಿಎನ್ ಪ್ಯಾನೆಲ್ ಎದುರು "ನೀವು ಕೆನೆ ಬಣ್ಣ ಅಂತೀರಿ, ನನಗೆ ಹಳದಿ ಕಾಣ್ತಿದೆ" ಅಂತ ಒಬ್ಬರು ಅರ್ಧ ಗಂಟೆ ವಾದ ಮಾಡಿದ್ದರು. ಟಿಎನ್‌ನಲ್ಲಿ ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ, ಹಾಗಾಗಿ ಇಬ್ಬರು ಹೇಳಿದ್ದೂ ಸರಿ ಇತ್ತು. ರಾತ್ರಿ ಲೈಟ್ ಆರಿಸಿದರೆ ಇದರ ಮೂಲೆಗಳಲ್ಲಿ ಸ್ವಲ್ಪ ಬೆಳಕು ಸೋರಿದ ಹಾಗೆ ಕಾಣುತ್ತದೆ. ಹಾಗಾಗಿ ಲೈಟ್ ಹಾಕಿಕೊಂಡೇ ಕೆಲಸ ಮಾಡುತ್ತೇನೆ.

ಆಫೀಸಿಗೆ ತಂದು ಜೋಡಿಸಿದ ದಿನ ಮಾತ್ರ ಅಳು ಬರುವ ಹಾಗಾಯಿತು. ಕರ್ಸರ್ ಬೆಲ್ಲದ ಪಾಕದಲ್ಲಿ ಸಿಕ್ಕಿಕೊಂಡ ಇರುವೆಯ ಹಾಗೆ ತೆವಳುತ್ತಿತ್ತು. ಮಾನಿಟರ್ ವಾಪಸ್ ಮಾಡಲು ಬಾಕ್ಸ್ ಕೂಡ ಎತ್ತಿಟ್ಟೆ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ನೋಡಿದರೆ 30 ಹರ್ಟ್ಸ್ ಅಂತ ಇತ್ತು. ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡ್‌ನ ಎಚ್‌ಡಿಎಂಐ 1.4ನೆಯದು, 4ಕೆಯನ್ನು ಅದು 30ಕ್ಕಿಂತ ಮೇಲೆ ಕಳಿಸುವುದಿಲ್ಲ. ಅದೇ ಕಾರ್ಡಿನ ಹಿಂದೆ ಧೂಳು ಹಿಡಿದ ಡಿಸ್‌ಪ್ಲೇಪೋರ್ಟ್ ಇತ್ತು. ಅದಕ್ಕೆ ಕೇಬಲ್ ಹಾಕಿದೆ, 60 ಬಂತು. ಕೊಳ್ಳುವ ಮೊದಲು ನಿಮ್ಮ ಕಂಪ್ಯೂಟರ್ ಹಿಂದೆ ಒಮ್ಮೆ ಬಗ್ಗಿ ನೋಡಿ. 4ಕೆ ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ದೊಡ್ಡ ಸ್ಕೆಚ್‌ಅಪ್ (ತ್ರೀಡಿ) ಮಾಡೆಲ್ ತಿರುಗಿಸುವಾಗ ನನ್ನ ಕಾರ್ಡ್ ಈಗಲೂ ಏದುಸಿರು ಬಿಡುತ್ತದೆ. ಕಾರ್ಡ್ ಬದಲಿಸುವ ದುಡ್ಡಿಲ್ಲ ಅನ್ನುವವರಿಗೆ 27 ಇಂಚಿನ 2560×1440ರದ್ದೇ ಸಾಕು. ಅದರ ಪಿಕ್ಸೆಲ್ 0.233 ಮಿ.ಮೀ., ಪ್ಲಾಸ್ಟರ್ ಗೆರೆ ಅದರಲ್ಲೂ ತಪ್ಪಿಸಿಕೊಳ್ಳುವುದು ಕಷ್ಟ.

ವಿಂಡೋಸ್‌ನಲ್ಲಿ ಅಕ್ಷರ, ಐಕಾನ್ ದೊಡ್ಡದಾಗಿ ಕಾಣಲಿ ಅಂತ ಸ್ಕೇಲಿಂಗ್ 150 ಪರ್ಸೆಂಟ್ ಇಟ್ಟಿದ್ದೇನೆ. ಇನ್ನು ಬ್ರೈಟ್‌ನೆಸ್. ಮಾನಿಟರ್ ಬಂದ ಹಾಗೇ ಬಿಟ್ಟು ಮೊದಲ ರೆಂಡರ್ ಪ್ರಿಂಟ್ ಹಾಕಿಸಿದೆ, ಟೆರಾಕೋಟಾ ಜಾಲಿ ಸುಟ್ಟ ಹಾಗೆ ಕಪ್ಪಾಗಿ ಬಂತು. ಪ್ರಿಂಟ್ ಹಾಕಿದವರದ್ದು ತಪ್ಪಲ್ಲ, ನನ್ನ ಸ್ಕ್ರೀನ್ ವಿಪರೀತ ಬೆಳಗುತ್ತಿತ್ತು. ಎಸ್‌ಆರ್‌ಜಿಬಿ (ಬಣ್ಣಗಳನ್ನು ಸಾಮಾನ್ಯ ಮಾನಕಕ್ಕೆ ತರುವ) ಮೋಡ್‌ಗೆ ಹಾಕಿ, ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಎ4 ಹಾಳೆ ಹಿಡಿದು, ಎರಡೂ ಒಂದೇ ಬಿಳುಪು ಕಾಣುವ ತನಕ ಬ್ರೈಟ್‌ನೆಸ್ ಇಳಿಸಿದೆ. ಈಗ ಪ್ರಿಂಟಿನ ಬಣ್ಣ ಹತ್ತಿರ ಹತ್ತಿರ ಬರುತ್ತದೆ.

ಹಳೆಯ ಮಾನಿಟರ್ ಎಡಗಡೆ ಇದೆ. ಮೇಲ್, ಸ್ಟ್ರಕ್ಚರಲ್ ಇಂಜಿನಿಯರ್ ಕಳಿಸುವ ಪಿಡಿಎಫ್, ಎಸ್ಟಿಮೇಟ್ ಎಲ್ಲ ಅದರಲ್ಲೇ. ಒಂದು ಹಳೆಯ ಸಾಫ್ಟ್‌ವೇರ್‌ನ ಐಕಾನ್‌ಗಳು 4ಕೆಯಲ್ಲಿ ಸಾಸಿವೆ ಕಾಳಿನಷ್ಟು ಕಾಣುತ್ತವೆ, ಅದೂ ಅಲ್ಲೇ. ಡೈಮೆನ್ಷನ್ ಮಾತ್ರ ಅದರ ಮೇಲೆ ಹಾಕುವುದಿಲ್ಲ.